ಖಾಲಿ ಚೌಕದ ಒಡತಿ

ಆ ಕಾಲುವೆ ಚಿತ್ರ ನಾನು ಬಿಡಿಸಿದ್ದಲ್ಲ. ಚೀಲಗಳ ಮೇಲೆ, ಹೊದಿಕೆಗಳ ಮೇಲೆ ಅಚ್ಚಾಗಿ, ಕೆಳಗೆ ನನ್ನ ಹೆಸರು ಹೊತ್ತು ಊರೂರು ತಿರುಗಿದ ಆ ಚಿತ್ರ ಸುಜಾತಾ ಬಿಡಿಸಿದ್ದು. ನಾನು ಕದ್ದೆ. ಒಂಬತ್ತು ವರ್ಷ ಈ ಮಾತನ್ನು ಸುತ್ತಿ ಬಳಸಿ ನೋಡಿದ್ದೇನೆ — ಅಚಾತುರ್ಯ ಎಂದು, ಈ ಧಂದೆಯೇ ಹೀಗೆ ಎಂದು... ಥೂ! ಕದ್ದದ್ದಕ್ಕೆ ಕದ್ದದ್ದು ಎಂದೇ ಹೇಳಬೇಕು.

ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಅಂಗಡಿ. ಲಗ್ನಪತ್ರಿಕೆ, ಬ್ಯಾನರು, ಅಂಗಡಿಗಳ ಬೋರ್ಡು — ಎಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ. ಆಗ ಸುಜಾತಾ ಗೋಗಿಯಿಂದ ದಿನಾ ಬಸ್ಸಿಗೆ ಬಂದು ನನ್ನಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ತಂದೆ ಕಾಲುವೆಯ ಗೇಟು ತೆಗೆದು ಮುಚ್ಚುವವರು. ತಾಯಿ ಹಳೆಯ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುವವರು. ಇವೆರಡೂ ಅವಳ ತಲೆಯಲ್ಲಿ ಹೇಗೆ ಕೂಡಿದವೋ — ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಕೂತು ಇಡೀ ಕಾಲುವೆಯನ್ನು ಕೌದಿಯಂತೆ ಬಿಡಿಸಿದಳು. ನಡುವೆ ನೀಲಿ ಕಾಲುವೆ, ಅದರಿಂದ ಒಡೆದ ಮರಿಗಾಲುವೆಗಳು, ಆಚೀಚೆ ಬಣ್ಣ ಬಣ್ಣದ ಚೌಕಗಳಾಗಿ ಹೊಲಗಳು. ಕೊನೆಯ ಒಂದು ಚೌಕ ಮಾತ್ರ ಖಾಲಿ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ.

ಕಲಬುರಗಿಯ ವ್ಯಾಪಾರಿಯೊಬ್ಬರು ನೋಡಿ ಅದನ್ನು ಕೊಂಡುಕೊಂಡರು. ಅವರು ಕೊಟ್ಟ ಕಾಗದದಲ್ಲಿ 'ಕಲಾವಿದರ ಹೆಸರು' ಎಂದು ಜಾಗವಿತ್ತು. ಕಂಪ್ಯೂಟರು ನನ್ನದು, ಅದರ ಸಾಫ್ಟ್‌ವೇರನ್ನು ಇಬ್ಬರೂ ನನ್ನ ಹೆಸರಿನ ಲಾಗಿನ್‌ನಲ್ಲೇ ತೆರೆಯುತ್ತಿದ್ದೆವು, ಹಾಗಾಗಿ ಅವಳು ಮಾಡಿದ ಫೈಲಿನ ಮೇಲೂ ನನ್ನ ಹೆಸರೇ. ಅದನ್ನೇ ಬರೆದೆ. ಅವಳು ಪಕ್ಕದಲ್ಲೇ ನಿಂತಿದ್ದಳು.

"ಸರ್, ನನ್ನ ಹೆಸರೂ ಸಣ್ಣಗರೆ ಹಾಕ್ತೀರೇನ್ರಿ?"

"ಮಷಿನ್ ಬರದದ್ದಕ್ಕ ಯಾರ ಹೆಸರಾದ್ರೇನವ್ವಾ?" ಅಂದೆ. ನಗುತ್ತಾ ಅಂದೆ — ಅದು ಈಗ ಹೆಚ್ಚು ಚುಚ್ಚುತ್ತದೆ.

ಒಲೆ ನನ್ನದು ಎಂದ ಮಾತ್ರಕ್ಕೆ ರೊಟ್ಟಿ ಬಡಿದ ಕೈ ನನ್ನದಾಗುತ್ತದೆಯೇ? ಸಂಬಳ ಕೊಟ್ಟಿದ್ದೆಯಲ್ಲ ಎಂದು ಸಮಾಧಾನ ಹೇಳುವ ಗೆಳೆಯರಿದ್ದಾರೆ. ಅವರ ಮೇಲೂ ನನಗೆ ಸಿಟ್ಟಿದೆ. ಸಂಬಳ ಕೊಟ್ಟು ಕೆಲಸ ಮಾಡಿಸಿಕೊಳ್ಳಬಹುದು, ಹೆಸರು ಕಿತ್ತುಕೊಳ್ಳುವಂತಿಲ್ಲ.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಮರುವರ್ಷ ಸುರಪುರದ ರಂಗಂಪೇಟೆಯ ಅಂಗಡಿಯೊಂದರಲ್ಲಿ ಅದೇ ಚಿತ್ರದ ಚೀಲಗಳು ತೂಗುತ್ತಿವೆ, ನನ್ನ ಹೆಸರೇ ಇಲ್ಲ ಎಂದು ಯಾರೋ ಹೇಳಿದರು. ಮೈಯೆಲ್ಲ ಉರಿಯಿತು. ಜಗಳಕ್ಕೆ ಹೊರಟೆ. ಸಾಕ್ಷಿಗೆಂದು ಸುಜಾತಾಳನ್ನೇ ಕರೆದುಕೊಂಡು ಹೋದೆ — ಎಂಥ ಭಂಡ ಧೈರ್ಯ ನೋಡಿ!

ಅಂಗಡಿಯ ಮುದುಕ ಎದ್ದೂ ನಿಲ್ಲಲಿಲ್ಲ. "ಮಷಿನ್ ಬರದದ್ದಕ್ಕ ಯಾರ ಹೆಸರಾದ್ರೇನ್ರಿ? ಎಲ್ಲಾರ ಕಂಪ್ಯೂಟರ್‌ದಾಗೂ ಇವೇ ಚೌಕ ಇರ್ತಾವ."

ನನ್ನದೇ ಮಾತು. ಅಲ್ಲಿಯೇ ನಾಚಿ ತಲೆ ತಗ್ಗಿಸಬೇಕಿತ್ತು. ನಾನು ಕೂಗಾಡಿದೆ — "ಚೌಕ ಎಲ್ಲಾರದೂ ಖರೆ, ಜೋಡಿಸಿದ ಕೈ ಒಬ್ಬರದೇ ಅಲ್ಲೇನ್ರಿ? ಹೆಸರು ತಿಂದ್ರ ಬರದವರ ಹೊಟ್ಟಿ ಉರಿಯಂಗಿಲ್ಲೇನು?" ಒಂದೊಂದು ಮಾತೂ ಸರಿಯಾಗಿತ್ತು. ಅದನ್ನು ಆಡುವ ಹಕ್ಕು ಮಾತ್ರ ನನಗಿರಲಿಲ್ಲ.

ಮುದುಕ ಒಂದು ಚೀಲ ಇಳಿಸಿ ನನ್ನ ಮುಂದೆ ಹಿಡಿದ. "ನೀವೇ ಬರದದ್ದಾದ್ರ ಹೇಳ್ರಿ. ಈ ಕೊನೀ ಚೌಕ ಯಾಕ ಖಾಲಿ ಬಿಟ್ಟೀರಿ?"

ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಏನು ಹೇಳಲಿ — ಏನು ಗೊತ್ತಿತ್ತು ನನಗೆ?

"ಅದು ನಮ್ಮ ಹೊಲ ಅದರಿ." ಹಿಂದಿನಿಂದ ಸುಜಾತಾ. "ನಮ್ಮಪ್ಪ ಊರಿಗೆಲ್ಲ ಗೇಟ್ ತೆಗೀತಾನ, ನಮ್ಮ ಹೊಲದತನಕ ನೀರು ಮುಟ್ಟಂಗಿಲ್ಲ. ಇದನ್ನ ನಾನು ಹೇಳಿದ್ದೆ... ಸರ್ ಬರದಾರ್ರಿ. ಚಿತ್ರ ಸರ್‌ದೇ."

ಮುದುಕ ನಂಬಿದ. ಎದ್ದು ನಿಂತು ಕೈ ಮುಗಿದ. ನಾನು ಹೇಳಿ ಬರೆಸಿದಂತೆ ಪತ್ರ ಬರೆದು ಸಹಿ ಮಾಡಿಕೊಟ್ಟ. ನಾನು ಅದನ್ನು ಮಡಚಿ ಜೇಬಿಗಿಟ್ಟುಕೊಂಡೆ — ಅವಳ ಮುಖ ನೋಡದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಈಗ ಗೋಗಿಯಲ್ಲೇ ಬಟ್ಟೆ ಹೊಲಿಯುತ್ತಾಳಂತೆ. ಕಂಪ್ಯೂಟರಿನಲ್ಲಿ ಮತ್ತೆ ಚಿತ್ರ ಬಿಡಿಸಿಲ್ಲವಂತೆ. ಅವಳು ಬಿಡಿಸಬಹುದಾಗಿದ್ದ ಚಿತ್ರಗಳು... ಅವು ಎಷ್ಟೋ, ಎಂಥವೋ. ಅಷ್ಟನ್ನೂ ಕೆಡಿಸಿದವನು ನಾನು. ನನ್ನ ಮೇಲೆ ನನಗೆ ಬರುವ ಸಿಟ್ಟು ಇಳಿಯುವುದಿಲ್ಲ, ಇಳಿಯಲೂಬಾರದು.

ಮುದುಕನ ಪತ್ರ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. 'ಈ ಚಿತ್ರ ಬಿಡಿಸಿದವರು ಇವರು. ಇವರ ಹೆಸರಿಲ್ಲದೆ ಮಾರಿದ್ದು ನನ್ನ ತಪ್ಪು' ಎಂದಿದೆ; ಮೇಲೆ ನನ್ನ ಹೆಸರು, ಕೆಳಗೆ ಅವನದು. ಇವತ್ತು ಅದನ್ನೇ ಮತ್ತೆ ಬರೆದೆ. ಎರಡೇ ಹೆಸರು ಬದಲಿಸಿದೆ — ಮುದುಕನ ಹೆಸರಿದ್ದಲ್ಲಿ ನನ್ನದು, ನನ್ನದಿದ್ದಲ್ಲಿ ಅವಳದು. ಒಂದು ಪ್ರತಿ ಕಲಬುರಗಿಗೆ ಹೋಯಿತು. ಇನ್ನೊಂದನ್ನು ರಂಗಂಪೇಟೆಯ ಅದೇ ಅಂಗಡಿಯಲ್ಲಿ ನಿಂತು, ಆ ದಿನ ಕೂಗಿದಷ್ಟೇ ಗಟ್ಟಿಯಾಗಿ ಓದಿ ಕೊಡುತ್ತೇನೆ.

ಮೂರನೆಯದು ಹಿಡಿದು ಗೋಗಿಗೆ ಹೋಗುತ್ತೇನೆ. ಕ್ಷಮೆ ಕೇಳಲು ಅಲ್ಲ. ಬಾಗಿಲು ತೆರೆಯದಿದ್ದರೆ ಕಾಗದವನ್ನು ಹೊಸ್ತಿಲ ಮೇಲಿಟ್ಟು ಬರುತ್ತೇನೆ. ಹೆಸರು ಸಣ್ಣಗಾದರೂ ಹಾಕಿ ಎಂದು ಕೇಳಿದ್ದಳು. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಬರೆದಿದ್ದೇನೆ.