ತೊಗರಿ ಬಂಡಿಗೆ ಬಿಗಿದ ಸೈಕಲ್

ನಮ್ಮ ಓಣಿಯಲ್ಲಿ ಸೈಕಲ್ ತುಳಿಯುವ ಸೊಸೆ ಒಬ್ಬಳೇ, ರೇಣುಕಾ. ಬೆಳಿಗ್ಗೆ ಜೋಳದ ರೊಟ್ಟಿ ಬಡಿದು, ಬುಟ್ಟಿ ತುಂಬಿ, ಸಿಂದಗಿಯ ಖಾನಾವಳಿಗಳಿಗೆ ಬಿಸಿಬಿಸಿಯಾಗಿ ಮುಟ್ಟಿಸಿ ಬರುತ್ತಾಳೆ. ಸೈಕಲ್ ಹತ್ತಿದಳೆಂದರೆ ಅವಳ ಮುಖವೇ ಬೇರೆ. ಪಕ್ಕದ ಮನೆಯ ನಾನು ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಹೋದ ವರ್ಷ ಬಸ್ ನಿಲ್ದಾಣದ ಎದುರು ಅವಳ ಸೈಕಲ್ ಕಳುವಾಯಿತು. ಹಿಂದಿನ ಗಾಲಿಗೆ ಕೀಲಿ ಹಾಕಿದ್ದಳು, ಕಳ್ಳರು ಸೈಕಲ್ಲನ್ನೇ ಎತ್ತಿಕೊಂಡು ಹೋಗಿದ್ದರು. ಅವರ ಮನೆ ಹಾಳಾಗ! ಹೊಸ ಸೈಕಲ್ ಬಂದ ದಿನ ಅತ್ತೆ ಕಸ್ತೂರೆವ್ವ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಇದೂ ಹೋತಂದ್ರ ಮುಗೀತು ನೋಡು. ಮತ್ತ ಸೈಕಲ್ ಸುದ್ದಿ ತಗೀಬ್ಯಾಡ, ನಡಕೋತ ಹೋಗು."

ಹಾಗಾಗಿ ಕೀಲಿ ಕೊಳ್ಳಲು ಹೊರಟಾಗ ರೇಣುಕಾ ನನ್ನನ್ನೂ ಎಳೆದುಕೊಂಡು ಹೋದಳು. ಅಂಗಡಿಯ ಮೋದಿನಸಾಬ ಬಣ್ಣಬಣ್ಣದ ವೈರಿನ ಕೀಲಿ ತೋರಿಸಿದ. ಇವಳು ಅದನ್ನು ಹಿಡಿದು ಜಗ್ಗಿ, ತಿರುವಿ, "ಕತ್ತರಿಸಿ ತೋರಸ್ರಿ ಕಾಕಾ" ಅಂದಳು. ನನಗೆ ನಾಚಿಕೆಯಾಯಿತು. ಅವನು ನಗುತ್ತ ಹಳೆಯ ವೈರಿನ ತುಂಡಿಗೆ ಇಕ್ಕಳ ಹಾಕಿದ. ಕಟ್ ಎಂದಿತು. ರೇಣುಕಾಳ ಕಣ್ಣು ಅರಳಿದವು, ಕಳ್ಳನ ಗುಟ್ಟು ಕೈಗೆ ಸಿಕ್ಕಂತೆ.

ಕೊನೆಗೆ ಅವನು ಒಳಗಿನಿಂದ ದಪ್ಪ ಉಕ್ಕಿನ ಸರಪಳಿ ತಂದ.

"ಇದಕ್ಕ ಇಕ್ಕಳ ನಡಿಯಂಗಿಲ್ಲರಿ. ಆದರ ಬರೇ ಗಾಲಿಗೆ ಹಾಕಬ್ಯಾಡ್ರಿ. ಗಾಲಿ, ನಡುವಿನ ದಾಂಡು ಎರಡೂ ಕೂಡಿಸಿ, ಯಾರೂ ಹೊತ್ತೊಯ್ಯಲಾರದಂಥ ವಜ್ಜಿ ಸಾಮಾನಕ್ಕ ಬಿಗೀರಿ."

ಸಂತೆಯ ದಿನ ಬಂತು. ನಾನೂ ಅವಳ ಜೊತೆ ಹೋಗಿದ್ದೆ. ಪೇಟೆಯಲ್ಲಿ ಕಂಬ ಎಲ್ಲಿ ಖಾಲಿ ಇರುತ್ತದೆ? ಒಂದಕ್ಕೆ ಎಮ್ಮೆ ಕಟ್ಟಿದ್ದರು, ಇನ್ನೊಂದಕ್ಕೆ ಬಳೆಗಾರನ ಹಗ್ಗ. ಕಾಳು ತೂಗಿ ಕೊಳ್ಳುವ ಅಡತಿ ಅಂಗಡಿಯ ಮುಂದೆ ತೊಗರಿ ಚೀಲ ಹೇರಿದ ಬಂಡಿ ನಿಂತಿತ್ತು. ಅದನ್ನು ಯಾವ ಕಳ್ಳ ಹೊರುತ್ತಾನೆ? ರೇಣುಕಾ ಖುಷಿಯಿಂದ ಸೈಕಲ್ಲನ್ನು ಹೊಸ ಸರಪಳಿಯಿಂದ ಬಂಡಿಯ ಗಾಲಿಗೆ ಸೇರಿಸಿ ಬಿಗಿದಳು. ಪಕ್ಕದಲ್ಲೇ ಎರಡು ಎತ್ತು ಕಣಿಕೆ ತಿನ್ನುತ್ತಿದ್ದವು. ಅವು ಈ ಬಂಡಿಯವೇ ಎಂದು ಅವಳಿಗೂ ಹೊಳೆಯಲಿಲ್ಲ, ಜಾಣೆ ಎನಿಸಿಕೊಂಡ ನನಗೂ ಹೊಳೆಯಲಿಲ್ಲ.

ರೊಟ್ಟಿ ಕೊಟ್ಟು ಹಿಂದಿರುಗಿದರೆ ಬಂಡಿಯ ಸುತ್ತ ಜನವೋ ಜನ. ಬಂಡಿಯ ಸೋಮನಿಂಗನಿಗೆ ತೂಕದ ಪಾಳಿ ಬಂದಿತ್ತು. ಎತ್ತು ಹೂಡಿ ಹೊಡೆದರೆ ಬಂಡಿಯ ಜೊತೆ ಸೈಕಲ್ಲೂ ತಿರುಗಲು ಹೊರಟಿದೆ! ಅವನು ಸುತ್ತಿಗೆ ತಂದು ಸರಪಳಿಗೆ ಹೊಡೆದಿದ್ದ. ಈಗ ಕೈಯಲ್ಲಿ ಹಾರೆ ಹಿಡಿದಿದ್ದ. ಅವನಿಗೂ ಸೈಕಲ್ಲಿಗೂ ನಡುವೆ ಉಳ್ಳಾಗಡ್ಡಿ ಚೀಲ ಹಿಡಿದು ನಿಂತವಳು ಕಸ್ತೂರೆವ್ವ. ಸಂತೆಗೆ ಬಂದ ಮುದುಕಿ ಸೈಕಲ್ ಗುರುತು ಹಿಡಿದಿದ್ದಳು.

"ಹಾರಿ ಕೆಳಗಿಡು. ನನ್ನ ಸೊಸಿ ದುಡಿಯೂ ಸೈಕಲ್ ಐತಿದು. ಆಕಿ ಬರೂತನಕ ನಿಂದರು."

ರೇಣುಕಾ ಜನರನ್ನು ಸರಿಸಿಕೊಂಡು ಓಡಿದಳು. ತಪ್ಪಾಯಿತು ಎನ್ನುವ ಮೊದಲೇ ಅವಳ ಬಾಯಿಂದ ಬಂದ ಮಾತು:

"ಹೊಡದ್ರೂ ಮುರೀಲಿಲ್ಲೇನ್ರಿ ಅಣ್ಣಾ?"

"ನನ್ನ ಕೈ ಮುರಿಯೂದೊಂದು ಬಾಕಿ ಐತಿ ನೋಡವಾ," ಅಂದ ಸೋಮನಿಂಗ. ಸಿಟ್ಟಿನಲ್ಲೇ ನಗು ಬಂತು ಅವನಿಗೆ.

ರೇಣುಕಾ ಕೈಮುಗಿದು ಕ್ಷಮೆ ಕೇಳಿದಳು, ಕೀಲಿ ತೆಗೆದಳು. ಸರಪಳಿಗೆ ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಅದನ್ನು ಎತ್ತಿ ಎತ್ತಿ ನನಗೆ ತೋರಿಸಿದಳು. ಬಂಡಿ ಹೊರಟಿತು. ಅತ್ತೆ ಈಗ ಏನನ್ನುತ್ತಾಳೋ ಎಂದು ನಾನು ಮುದುಕಿಯ ಕಡೆ ನೋಡಿದೆ.

ಕಸ್ತೂರೆವ್ವ ಉಳ್ಳಾಗಡ್ಡಿ ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿ, ಯಾರನ್ನೂ ಕೇಳದೆ ಕ್ಯಾರಿಯರ್ ಮೇಲೆ ಕುಳಿತಳು.

"ಕಾಲು ನೋಯಾಕತ್ಯಾವ. ಮನೀಗೆ ನಡಿ."

ಸಂತೆಗೆ ಸಂತೆಯೇ ನೋಡುತ್ತಿತ್ತು. ಮುದುಕಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸೊಸೆಯ ಸೊಂಟ ಹಿಡಿದಳು.