ಈರಪ್ಪನ ಎರಡು ಕಾಲು, ಎರಡು ಬಗೆಯ ಸೂಜಿ

1991ರಲ್ಲಿ ನಾನು ಚಿಕ್ಕೋಡಿಯ ಒಂದು ಧರ್ಮಾರ್ಥ ದವಾಖಾನೆಯಲ್ಲಿ ಫಿಜಿಯೋಥೆರಪಿ ಕೋಣೆಯ ಸಹಾಯಕಿಯಾಗಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಆ ಕೆಲಸ ಸಿಕ್ಕಿತ್ತು. ಬೇಡಕಿಹಾಳದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇ ನನ್ನ ವಿದ್ಯೆ. ನೆಲ ಒರೆಸುವುದು, ಬಿಸಿನೀರಿನ ಚೀಲ ತುಂಬುವುದು, ಸೂಜಿಗಳನ್ನು ಸ್ಟೆರಿಲೈಜರ್‌ನಲ್ಲಿ ಕುದಿಸುವುದು ನನ್ನ ಪಾಲಿನ ಕೆಲಸ. ಪರಪುರುಷರ ಎದುರು ಮಾತಾಡಲು ನನಗೆ ಬಾಯಿ ಬರುತ್ತಿರಲಿಲ್ಲ. ಎಷ್ಟೋ ರೋಗಿಗಳು ನನ್ನನ್ನು ಮೂಗಿ ಎಂದೇ ತಿಳಿದಿದ್ದರು. ಮೊಮ್ಮಕ್ಕಳೇ, ನಿಮಗೂ ನಾನು ಆ ದಿನಗಳ ಬಗ್ಗೆ ಹೆಚ್ಚು ಹೇಳಿಲ್ಲ. ಬರೆಯುವುದು ನನಗೆ ಮಾತಿಗಿಂತ ಸುಲಭ.

ಕೋಣೆಯ ಯಜಮಾನಿ ಸುನಂದಾ ಮೇಡಂ. ಕಾಗವಾಡದ ಕಡೆಯ ಜೈನ ಮನೆತನದವರು, ಪುಣೆಯಲ್ಲಿ ಕಲಿತು ಬಂದವರು. ಅವರಿಗೆ ಸಿಟ್ಟು ಬಂದಾಗ ಕನ್ನಡ ಮುಗಿದು ಮರಾಠಿ ಶುರುವಾಗುತ್ತಿತ್ತು. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದು ಭುಜ ಹಿಡಿದುಕೊಂಡ ಹೆಂಗಸರು, ಕಬ್ಬಿನ ಹೊರೆ ಹೊತ್ತು ಸೊಂಟ ಕಳೆದುಕೊಂಡ ಗಂಡಸರು, ಇವರೇ ಹೆಚ್ಚಾಗಿ ಬರುತ್ತಿದ್ದರು. ಯಡೂರಿನ ಈರಪ್ಪ ಬಂದದ್ದು ಹಿಮ್ಮಡಿಯ ನೋವಿಗೆ.

ಈರಪ್ಪ ಪುರವಂತ. ವೀರಭದ್ರ ದೇವರ ಸೇವೆಗೆ ಗೆಜ್ಜೆ ಕಟ್ಟಿ, ಖಡ್ಗ ಹಿಡಿದು, ದೇವರನ್ನು ಹೊಗಳುವ ಒಡಪು ಹೇಳುತ್ತಾ ಜಿಗಿದು ಕುಣಿಯುವ ಮನೆತನ ಅವನದು. ಆವೇಶ ಬಂದಾಗ ಪುರವಂತರು ಕೆನ್ನೆಯೊಳಗೆ ಕಬ್ಬಿಣದ ಸರಳು ತೂರಿಸಿಕೊಳ್ಳುತ್ತಾರೆ. ಅದಕ್ಕೆ ಶಸ್ತ್ರ ಹಾಕುವುದು ಎನ್ನುತ್ತಾರೆ. ಬರಿಗಾಲಲ್ಲಿ ವರ್ಷಗಟ್ಟಲೆ ಜಿಗಿದು ಅವನ ಎರಡೂ ಕಾಲಿನ ಅಕಿಲಿಸ್ ಟೆಂಡನ್‌ಗಳು ಊದಿಕೊಂಡಿದ್ದವು. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಎಲುಬಿಗೆ ಬಿಗಿಯುವ ಹಗ್ಗವೇ ಅಕಿಲಿಸ್ ಟೆಂಡನ್. ಬೆಳಿಗ್ಗೆ ಎದ್ದು ಕಾಲೂರಿದರೆ ಜೀವ ಹೋದಂತಾಗುತ್ತದೆ ಎಂದು ಅವನು ಹೇಳಿದ.

ಮೇಡಂ ಅವನನ್ನು ಬೋರಲು ಮಲಗಿಸಿ ಅಕ್ಯುಪಂಕ್ಚರ್ ಸೂಜಿ ತೆಗೆದರು. ಅದು ಕೂದಲೆಳೆಯಂಥ ಸೂಜಿ. ಒಳಗೆ ರಂಧ್ರವಿಲ್ಲ, ಔಷಧಿ ಇಲ್ಲ. ಟೆಂಡನ್ನಿನ ಪಕ್ಕದಲ್ಲೂ ಮೀನಖಂಡದ ಗಂಟುಗಳಲ್ಲೂ ಚುಚ್ಚಿ, ಸ್ವಲ್ಪ ತಿರುವಿ, ಹಾಗೇ ಬಿಡುತ್ತಾರೆ.

ಈರಪ್ಪ ಕತ್ತು ಹೊರಳಿಸಿ ನೋಡಿ ನಕ್ಕುಬಿಟ್ಟ. "ಇದು ಸೂಜಿ ಏನ್ರಿ ಬಾಯಾರ? ನಮ್ಮ ಶಸ್ತ್ರಕ್ಕ ಇದು ಮೊಮ್ಮಗಳು ಆಗತೈತಿ!"

"ಸುಮ್ನ ಮಲಗ್ರಿ. ಗಲ್ಲ ಬ್ಯಾರೆ, ಕಾಲು ಬ್ಯಾರೆ."

"ಔಷಧ ಎಲ್ಲೈತ್ರಿ ಇದರಾಗ?"

"ಇಲ್ಲ. ಖಾಲಿ ಸೂಜಿ. ದೇಹನ ತನ್ನ ಔಷಧ ಮಾಡಕೋಬೇಕು. ಅದಕ್ಕ ಟೈಮ್ ಬೇಕು."

ಚುಚ್ಚಿಸಿಕೊಳ್ಳುವುದರ ಜೊತೆಗೆ ಮೀನಖಂಡ ಎಳೆಯುವ ವ್ಯಾಯಾಮವನ್ನೂ ಹೇಳಿಕೊಟ್ಟರು. ಕುಣಿತ ಪೂರ್ತಿ ನಿಲ್ಲಿಸಬೇಕೆಂದರು. ಅವನು ವಾರ ತಪ್ಪದೆ ಬಸ್ಸು ಹಿಡಿದು ಬಂದ. ಸುಧಾರಣೆ ಇತ್ತು, ಆದರೆ ಇರುವೆಯ ನಡಿಗೆಯದು.

ಅಷ್ಟರಲ್ಲಿ ಅವನ ಒಬ್ಬಳೇ ಮಗಳು ಮಹಾದೇವಿಯ ಲಗ್ನ ರಾಯಬಾಗದ ಕಡೆ ಗಟ್ಟಿಯಾಯಿತು. ಆ ಮನೆತನಗಳಲ್ಲಿ ಲಗ್ನದ ಹಿಂದಿನ ದಿನ ವೀರಭದ್ರನಿಗೆ ಗುಗ್ಗಳ ಹೊರಡಿಸುತ್ತಾರೆ. ಉರಿಯುವ ಕೊಡ ಹೊತ್ತವರ ಮುಂದೆ ಪುರವಂತ ಕುಣಿಯಬೇಕು. ಮೇಡಂ ಕೇಳಿ ಹೌಹಾರಿದರು. ಕಾಲು ಮಾಯಲು ಇನ್ನೂ ಕೆಲವು ತಿಂಗಳು ಬೇಕು, ಲಗ್ನ ಒಂದು ತಿಂಗಳೊಳಗೇ ಇತ್ತು.

"ಊರ ಮಂದಿ ಮಕ್ಕಳ ಗುಗ್ಗಳದಾಗೆಲ್ಲಾ ಕುಣಿದೀನ್ರಿ," ಎಂದ ಈರಪ್ಪ. "ನನ್ನ ಮಗಳ ಗುಗ್ಗಳಕ್ಕ ಕಟ್ಟಿ ಮ್ಯಾಲ ಕುಂತು ಎಲಿ ತಿನ್ನಲೇನು?"

ನಮ್ಮ ದವಾಖಾನೆಗೆ ವಾರಕ್ಕೊಮ್ಮೆ ಎಲುಬಿನ ಡಾಕ್ಟರು ಬರುತ್ತಿದ್ದರು. ಈರಪ್ಪ ಅವರ ಕಾಲು ಹಿಡಿದ. ಡಾಕ್ಟರು ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು ಎಂದರು. ಅದರ ಸೂಜಿ ದಪ್ಪ, ಒಳಗೆ ಟೊಳ್ಳು, ಅದರ ಮೂಲಕ ಔಷಧಿ ಇಳಿಯುತ್ತದೆ. ಬಾವು ಬೇಗ ತಗ್ಗುತ್ತದೆ, ನೋವು ಮಾಯವಾಗುತ್ತದೆ. ಆದರೆ ಟೆಂಡನ್ ಕೆಲಕಾಲ ಬಲಹೀನವಾಗಬಹುದು, ಆಗ ಜಿಗಿದರೆ ಹರಿಯುವ ಅಪಾಯವಿದೆ ಎಂದು ಬಿಡಿಸಿ ಹೇಳಿದರು. ಮೇಡಂ ಬೇಡವೆಂದರು. ಇಬ್ಬರೂ ಬಹಳ ಹೊತ್ತು ವಾದಿಸಿದರು. ಕೊನೆಗೆ ಹೆಚ್ಚು ನೋಯುತ್ತಿದ್ದ ಎಡಗಾಲಿಗೆ ಮಾತ್ರ ಇಂಜೆಕ್ಷನ್, ಬಲಗಾಲಿಗೆ ಖಾಲಿ ಸೂಜಿಯೇ ಮುಂದುವರಿಯಲಿ ಎಂದಾಯಿತು.

ಈರಪ್ಪ ನನ್ನ ಕಡೆ ತಿರುಗಿದ. "ಅವ್ವಾ, ನೀನರ ಹೇಳು. ಯಾವ ಸೂಜಿ ಛಲೋ?"

ನಾನು ಸ್ಟೆರಿಲೈಜರ್‌ನ ಕಡೆ ತಿರುಗಿದೆ. "ನನಗೇನ್ ತಿಳಿತೈತ್ರಿ," ಎಂದೆ. "ಎರಡೂ ಒಂದ ನೀರಾಗ ಕುದಿತಾವು."

"ಅಯ್ಯ, ಮಾತು ಬರತಾವ ಇಕಿಗೆ!" ಎಂದು ಅವನು ನಕ್ಕ. ಮೇಡಂ ಕೂಡ ನಕ್ಕರು.

ಮುಂದಿನ ವಾರ ಅವನು ಮೆಟ್ಟಿಲು ಏರಿ ಬಂದ ರೀತಿಯೇ ಬೇರೆ. "ಎಡಗಾಲು ಸರ್ಕಾರಿ ನೌಕರ ಆಗೈತ್ರಿ, ಗಪ್ಪ ಕುಂತೈತಿ. ಬಲಗಾಲು ಇನ್ನೂ ಹೊಸಾ ಸೊಸಿ, ದಿನಾ ಒಂದು ತಕರಾರು."

ಮೇಡಂ ನಗಲಿಲ್ಲ. "ನೋವು ಹೋಗೈತಿ, ಕಾಲು ವಾಸಿ ಆಗಿಲ್ಲ. ಒಡಪು ಹೇಳ್ರಿ, ಗುಗ್ಗಳದ ಮುಂದ ನಡೀರಿ. ಜಿಗಿಬ್ಯಾಡ್ರಿ."

ಅಂದು ಮಹಾದೇವಿಯೂ ಬಂದಿದ್ದಳು. "ಅಪ್ಪಾ, ಬಾಯಾರ ಮುಂದ ಆಣಿ ಮಾಡು," ಎಂದಳು.

ಈರಪ್ಪನ ಮುಖದ ನಗು ಹೋಯಿತು. "ಆಣಿ ಮಾಡೂದಿಲ್ಲ ಬೇ. ದೇವರು ಮೈಮ್ಯಾಲ ಬಂದಾಗ ನಾ ಎಲ್ಲಿ ಇರತೀನಿ? ಸುಳ್ಳು ಆಣಿ ಯಾಕ?"

ಲಗ್ನ ಮುಗಿದ ಮೇಲೆ ಅವನು ಬಹಳ ದಿನ ಬರಲಿಲ್ಲ. ಕುಣಿದಿದ್ದರೂ ಏನೂ ಆಗಿರಲಿಕ್ಕಿಲ್ಲ ಎಂದುಕೊಂಡೆವು. ಒಂದು ದಿನ ಕೋಲೂರಿಕೊಂಡು ಬಂದ. ಜೊತೆಗೆ ಮಹಾದೇವಿ, ಕೈತುಂಬ ಹಸಿರು ಬಳೆ.

ನಡೆದದ್ದನ್ನು ಅವನೇ ಹೇಳಿದ. ಗುಗ್ಗಳದ ಮುಂದೆ ಮೊದಲು ನಡೆದೇ ಇದ್ದನಂತೆ. ಸಂಬಾಳ ವಾದ್ಯದ ಬಡಿತ ಏರಿದಾಗ ಜಿಗಿದ. ಹಿಂದಿನಿಂದ ಯಾರೋ ಹಿಮ್ಮಡಿಗೆ ಕಲ್ಲು ಬೀಸಿದಂತಾಯಿತು. ತಿರುಗಿ ನೋಡಿದರೆ ಕಲ್ಲು ಬೀಸಿದವರು ಯಾರೂ ಇರಲಿಲ್ಲ. ಮಗಳ ಅಕ್ಷತೆಗೆ ವಿಘ್ನ ಬರಬಾರದೆಂದು ಉಳುಕಿದೆ ಎಂದು ಹೇಳಿ, ಕಂಬಕ್ಕೆ ಆತು ನಿಂತು ಲಗ್ನ ಮುಗಿಸಿದ. ಆಮೇಲೆ ನೋವು ತಾನಾಗಿ ಇಳಿಯಿತು. ಹಾಗಾಗಿ ದವಾಖಾನೆಯ ನೆನಪೇ ಆಗಲಿಲ್ಲವಂತೆ.

"ಈಗೂ ನೋವಿಲ್ರಿ," ಎಂದ. "ಖರೆ, ಕಾಲು ನೆಲಾ ತಳ್ಳವಲ್ದು."

ಮೇಡಂ ಅವನನ್ನು ಬೋರಲು ಮಲಗಿಸಿ ಬಲ ಮೀನಖಂಡವನ್ನು ಹಿಂಡಿದರು. ಪಾದ ಆಡಿತು. ಎಡ ಮೀನಖಂಡವನ್ನು ಹಿಂಡಿದರು. ಪಾದ ಹಾಗೇ ಜೋತುಬಿದ್ದಿತ್ತು. ಇನ್ನೊಮ್ಮೆ ಹಿಂಡಿದರು. ಟೆಂಡನ್ ಪೂರ್ತಿ ಹರಿದಿದ್ದರೆ ಹೀಗಾಗುತ್ತದೆ. ಮೇಡಂ ಕೈ ತೆಗೆಯದೆ ಕಿಟಕಿಯ ಕಡೆ ನೋಡುತ್ತ ನಿಂತರು.

"ನನ್ನ ಸಲುವಾಗಿ ಆತು," ಎಂದು ಮಹಾದೇವಿ ಅತ್ತಳು. "ಗಂಡನ ಮನ್ಯಾಗೂ ಅದನ್ನ ಅಂತಾರ, ಅಪ್ಪನ ಕಾಲು ತಿಂದು ಬಂದಾಕಿ ಅಂತ."

"ಯಾವನಲೇ ಅಂದಾವ?" ಎಂದು ಈರಪ್ಪ ಮಲಗಿದಲ್ಲಿಂದಲೇ ಗದರಿದ.

ಮಿರಜ್‌ಗೆ ಹೋಗಿ ಆಪರೇಷನ್ ಮಾಡಿಸಿಕೊಂಡು, ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ. ತಡವಾಗಿದ್ದರಿಂದ ಜೋಡಿಸಿದ ಟೆಂಡನ್ನಿಗೆ ಮೊದಲಿನ ಬಲ ಬರಲಿಲ್ಲ. ಕುಂಟುತ್ತ ನಡೆಯಬಲ್ಲ, ಜಿಗಿಯಲಾರ. ಅವನ ಗೆಜ್ಜೆ ದಾಯಾದಿಯೊಬ್ಬನ ಕಾಲಿಗೆ ಹೋಯಿತು.

ಯಾವ ಸೂಜಿ ಮೇಲು ಎಂದು ಮೇಡಂ ಮತ್ತು ಡಾಕ್ಟರು ಆಮೇಲೂ ಚರ್ಚಿಸುತ್ತಿದ್ದರು. ಒಂದೇ ಇಂಜೆಕ್ಷನ್ನಿನಿಂದ ಹರಿಯಿತೋ, ಮೊದಲೇ ಸವೆದಿತ್ತೋ, ಹೇಳಲಾಗದು ಎಂದು ಡಾಕ್ಟರು ಅನ್ನುತ್ತಿದ್ದರು. ಅವರ ಮಾತಿನಲ್ಲೂ ನೋವಿತ್ತು. ಕೋಣೆಯಲ್ಲಿ ಬದಲಾದದ್ದು ಒಂದು. ಅಂದಿನಿಂದ ಮೇಡಂ ರೋಗಿಗೆ ನೋವು ಎಲ್ಲಿದೆ ಎಂದು ಕೇಳುವ ಮೊದಲು, ನೋವು ಹೋದ ಮರುದಿನ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದರು. ಸೂಜಿಯನ್ನು ಆರಿಸುತ್ತಿದ್ದದ್ದು ಆ ಉತ್ತರ ಕೇಳಿದ ಮೇಲೆ. ನೋವು ಹೋಗುವುದೇ ಬೇರೆ, ಗುಣವಾಗುವುದೇ ಬೇರೆ ಎಂದು ಆ ಕೆಲಸ ನನಗೆ ಕಲಿಸಿತು. ನಿಮ್ಮ ಅಜ್ಜನ ಸಾವಿನ ನೋವು ಸ್ವಲ್ಪ ಇಳಿದಿದೆ ಎಂದು ನನಗೆ ಆಗತಾನೆ ಅನ್ನಿಸುತ್ತಿದ್ದ ದಿನಗಳವು.

ಬಲಗಾಲಿನ ಚಿಕಿತ್ಸೆಯನ್ನು ಈರಪ್ಪ ಬಿಡಲಿಲ್ಲ. ನಿಧಾನವಾಗಿ, ದೀಪಾವಳಿಯ ಹೊತ್ತಿಗೆ, ಅದು ಪೂರ್ತಿ ವಾಸಿಯಾಯಿತು. ಕೊನೆಯ ದಿನ ಮೇಡಂ ಸೂಜಿಗಳನ್ನು ತೆಗೆದು ತಟ್ಟೆಗೆ ಹಾಕಿ ಹೊರಗೆ ಹೋದರು. ನಾನು ತಟ್ಟೆ ಎತ್ತಿಕೊಂಡೆ. ಈರಪ್ಪ ಮಂಚದ ಅಂಚಿನಲ್ಲಿ ಕೂತು ಬಲಪಾದವನ್ನು ನೆಲಕ್ಕೆ ಒತ್ತಿ ಒತ್ತಿ ನೋಡುತ್ತಿದ್ದ.

"ಗಟ್ಟಿ ಆಗೈತ್ರಿ ಅವ್ವಾ. ಕುಣಿಯಾಕ ತಯಾರೈತಿ," ಎಂದ. "ಜೋಡಿ ಇಲ್ಲ, ಅಷ್ಟ."

ನಾನು ಹೌದೆಂದು ತಲೆಯಾಡಿಸಿದೆ.