ಹಿಂದಿನ ಸಾಲಿನ ಶ್ರುತಿ

ಮನೆ ಹತ್ತಿರದ ಶಾಲೆಯಲ್ಲಿ ಮಧ್ಯಾಹ್ನದ ಬೆಲ್ ಹೊಡೆದರೆ ಸಾಕು, ನಿವೃತ್ತಿಯಾಗಿ ಮೂರು ವರ್ಷ ಕಳೆದರೂ ನನ್ನ ಕಿವಿ ಈಗಲೂ ಏಳು ಹುಡುಗಿಯರನ್ನು ಹುಡುಕುತ್ತದೆ.

ಪುತ್ತಿಗೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಸಂಗೀತದ ಟೀಚರ್ ಆಗಿದ್ದೆ. ಶಾಲಾ ಮಕ್ಕಳ ಸ್ಪರ್ಧೆಗಳ ಕಲೋತ್ಸವ ಹತ್ತಿರ ಬಂತೆಂದರೆ ಸಮೂಹಗಾನದ ಏಳು ಮಂದಿ ಬುತ್ತಿಯನ್ನು ಗಬಗಬ ಮುಗಿಸಿ ಅಭ್ಯಾಸಕ್ಕೆ ಓಡಿ ಬರುತ್ತಿದ್ದರು. ಕೋಣೆಯೆಲ್ಲ ಉಪ್ಪಿನಕಾಯಿ ವಾಸನೆ. ಕೈ ತೊಳೆದು ಬನ್ನಿ ಎಂದು ದಿನಾ ಬೈಯುತ್ತಿದ್ದೆ. ಈಗ ಆ ವಾಸನೆಗಾಗಿ ಜೀವ ಹಂಬಲಿಸುತ್ತದೆ.

ಮುಂದಿನ ಸಾಲಿನ ನಡುವೆ ನಿಲ್ಲುವವಳು ಬಾಯಿ ತೆರೆದರೆ ಸ್ಟಾಫ್ ರೂಮಿನ ಹರಟೆಯೂ ನಿಲ್ಲುತ್ತಿತ್ತು. ಹಿಂದಿನ ಸಾಲಿನಲ್ಲಿ ಶಿರಿಯದಿಂದ ಬಸ್ಸಿನಲ್ಲಿ ಬರುವ, ಮೀನುಗಾರರ ಮನೆಯ ಹುಡುಗಿ ಇದ್ದಳು. ಸ್ವರ ಸ್ವಲ್ಪ ಒರಟು. "ನೀನು ಮೆಲ್ಲ ಹಾಡು" ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೆನೋ. ಚೆಂದ ಹಾಡುವವಳೇ ಮುಂದಾಳು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಆ ವರ್ಷ ಉಪಜಿಲ್ಲಾ ಕಲೋತ್ಸವದಲ್ಲಿ ನಮಗಿಂತ ಮೊದಲಿನ ತಂಡ ಬಹಳ ಎತ್ತರದ ಶ್ರುತಿಯಲ್ಲಿ ಹಾಡಿ ಇಳಿಯಿತು. ಕಾಯುತ್ತಾ ನಿಂತಿದ್ದ ನಮ್ಮ ಮುಂದಿನವಳ ಕಿವಿಯಲ್ಲಿ ಅದೇ ಉಳಿಯಿತು. ಅದೇ ಎತ್ತರದಲ್ಲಿ ಶುರು ಮಾಡಿಯೇಬಿಟ್ಟಳು. ಎರಡನೆಯ ಚರಣದ ಮೇಲಿನ ಸ್ವರಗಳಲ್ಲಿ ಏಳು ಗಂಟಲೂ ಒಡೆಯುವುದು ಖಂಡಿತ. ವೇದಿಕೆಯ ಬದಿಯಲ್ಲಿದ್ದ ನಾನು ಸನ್ನೆ ಮಾಡುವಂತೆಯೂ ಇರಲಿಲ್ಲ.

ಮೊದಲ ಚರಣ ಮುಗಿದು ಎಲ್ಲರೂ ಉಸಿರು ತೆಗೆದುಕೊಳ್ಳುವಲ್ಲಿ, ಹಿಂದಿನ ಸಾಲಿನ ಹುಡುಗಿ ಬಾಯಿ ಮುಚ್ಚಿಕೊಂಡೇ ನಮ್ಮ ಸರಿಯಾದ ಷಡ್ಜವನ್ನು ಗುನುಗಿ ಹಿಡಿದಳು. ಎದುರಿನವರ ಬೆನ್ನು ಮೆಲ್ಲನೆ ತಟ್ಟಿದಳು. ಉಳಿದವರೆಲ್ಲ ಅವಳ ಸ್ವರವನ್ನೇ ಹಿಡಿದು ಕೆಳಗಿಳಿದರು. ನಮಗೆ ಎ ಗ್ರೇಡ್ ಸಿಕ್ಕಿತು.

ಸೋಮವಾರದ ಅಸೆಂಬ್ಲಿಯಲ್ಲಿ ತಂಡವನ್ನು ಮುನ್ನಡೆಸಿದವಳಿಗೆ ಒಂದು ಪದಕ. ಹೆಸರು ಬರೆದುಕೊಡಬೇಕಾದವಳು ನಾನು. ಮುಂದಿನವಳ ಹೆಸರು ಬರೆದೆ. ಅಭ್ಯಾಸಬಲ ಎಂದರೆ ಸುಳ್ಳಾಗುತ್ತದೆ. ಹಿಂದಿನವಳ ಹೆಸರು ಬರೆದರೆ ಶ್ರುತಿ ತಪ್ಪಿದ್ದನ್ನೂ ಹೇಳಬೇಕಾಗುತ್ತಿತ್ತು, ಕಲಿಸಿದವಳು ನಾನಲ್ಲವೇ? ಅವಳನ್ನು ಕರೆದು ಒಂದು ಒಳ್ಳೆಯ ಮಾತನ್ನಾದರೂ ಆಡಬಹುದಿತ್ತು. ಅದನ್ನೂ ಆಡಲಿಲ್ಲ. ಅವಳು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಕಳೆದ ತಿಂಗಳು ಯಾವುದೋ ಕಾಗದದ ಕೆಲಸಕ್ಕೆ ವಿದ್ಯಾನಗರಕ್ಕೆ ಹೋಗುವಾಗ, ಬಸ್ಸಿನಲ್ಲಿ ಒಬ್ಬಳು ಎದ್ದು ನನಗೆ ಸೀಟು ಬಿಟ್ಟಳು.

"ನನ್ನ ಗುರ್ತ ಸಿಕ್ಕಿತಾ ಟೀಚರ್?"

ಸ್ವರದಲ್ಲೇ ಗುರುತು ಸಿಕ್ಕಿತು. ಅದೇ ಒರಟು. ಎಷ್ಟು ವರ್ಷಗಳಿಂದ ಆ ಸ್ವರಕ್ಕೆ ಕಾದಿದ್ದೆನೆಂದು ಆಗಲೇ ತಿಳಿದದ್ದು.

"ಈಗ ಹಾಡ್ತೀಯಾ?"

"ಎಂತ ಹಾಡುದು ಟೀಚರ್, ನನ್ನ ಸ್ವರ ನಿಮಗೆ ಗೊತ್ತುಂಟಲ್ಲ" ಎಂದು ನಕ್ಕಳು.

ಇನ್ನು ತಡೆಯಲಾಗಲಿಲ್ಲ. "ಆ ದಿನ ಶ್ರುತಿ ಹಿಡಿದದ್ದು ನೀನು. ನಾನು ಅಲ್ಲೇ ಬದಿಯಲ್ಲಿ ನಿಂತು ನೋಡಿದ್ದೆ ಮಗಾ" ಎಂದೆ. ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ.

ಅವಳ ನಗು ನಿಂತಿತು.

"ನೀವು ನೋಡ್ಲಿಲ್ಲ ಅಂತ ಗ್ರಹಿಸಿದ್ದೆ ಟೀಚರ್," ಎಂದಳು. "ಅದಕ್ಕೇ ಇಷ್ಟು ವರ್ಷ ನನಗೆ ಬೇಜಾರು ಇರ್ಲಿಲ್ಲ."